ತಂಗಿ ಕಳಿಸಿದ ಆರು ಅಂಕೆ

ನವೆಂಬರ್ ೧೨, ಬುಧವಾರ

ಲ್ಯಾಪ್‌ಟಾಪಿನ ಅರ್ಧ ಕೀಲಿಗಳು ಇವತ್ತೂ ಕೆಲಸ ಮಾಡಲಿಲ್ಲ. ಊದಿದೆ, ಉಜ್ಜಿದೆ, ಜಗ್ಗಲಿಲ್ಲ. "ಎಲ್ಲಾ ಅಳಿಸಿ ಹೊಸದಾಗಿ ಹಾಕಿ ನೋಡೋಣ ಮೇಡಂ. ಫೈಲೆಲ್ಲಾ ಬೇರೆ ಕಡೆ ಇಟ್ಕೊಳ್ಳಿ. ಆಮೇಲೆ ಲಾಗಿನ್ ಆಗೋಕೆ ಮೇಲ್ ಪಾಸ್‌ವರ್ಡ್ ನೆನಪಿದೆ ತಾನೇ?" ಎಂದ ರಿಪೇರಿಯವನು.

ನೆನಪಿಲ್ಲ. ಮರೆತರೆ ಹೊಸದು ಹಾಕಲು ಬೇಕಾದ ಕೋಡ್ ಹೋಗುವುದು ತಂಗಿಯ ಫೋನಿಗೆ. ಹಿಂದೆ ಅವಳೇ ತನ್ನ ನಂಬರು ಹಾಕಿಕೊಟ್ಟಿದ್ದಳು. ನಾವು ಮಾತು ಬಿಟ್ಟು ಎರಡು ವರ್ಷ. ಸಂಜೆಯೆಲ್ಲ ಮೀನಮೇಷ ಎಣಿಸಿ, "ಕೋಡ್ ಬಂದಿದ್ರೆ ಕಳಿಸೇ" ಎಂದು ಮೆಸೇಜ್ ಹಾಕಿದೆ. ನಿಮಿಷದೊಳಗೆ ಬಂತು. ಬರೀ ಆರು ಅಂಕೆ. ಹೇಗಿದ್ದೀಯ ಅಂತಲೂ ಇಲ್ಲ. ನಾನಾದರೂ ಕೇಳಿದೆನೇ?

ಹತ್ತು ನಿಮಿಷ ದಾಟಿದರೆ ಆ ಕೋಡ್ ನಡೆಯುವುದಿಲ್ಲ. ದಾಟಲಿ ಎಂದು ಸುಮ್ಮನೆ ಕೂತೆ. ಆಮೇಲೆ ಇನ್ನೊಂದು ಕೇಳಿದೆ.

ಈ ಸಲ ಅಂಕೆಗಳ ಕೆಳಗೆ ಒಂದು ಸಾಲಿತ್ತು: "ನಿಧಾನಕ್ಕೆ ಹಾಕಕ್ಕಾ, ನಾನು ಎದ್ದೇ ಇರ್ತೀನಿ."

ಇದನ್ನೂ ಇನ್ನೂ ಹಾಕಿಲ್ಲ.