ಸೀನೋ ಡಾಕ್ಟ್ರಮ್ಮ

ಜುಲೈ 9, 2024, ಮಂಗಳವಾರ

ಈ ವಾರದ ಇಂಜೆಕ್ಷನ್ ಆಯಿತು. ಎಡ ತೋಳು. ಚುಚ್ಚಿದ ಜಾಗ ಜಾಮೂನಿನ ಹಾಗೆ ಊದಿದೆ. ಒಳ್ಳೆಯದೇ. ಊದಿದೆ ಅಂದರೆ ನನ್ನದು ನಿಜವಾದ ಔಷಧಿ ಇರಬೇಕು. ಈ ಟ್ರಯಲ್‌ನಲ್ಲಿ ಅರ್ಧ ಜನಕ್ಕೆ ಬೆಕ್ಕಿನ ಅಲರ್ಜಿಯ ಔಷಧಿ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಡಾಕ್ಟರ್ ಅನಂತರಾಜು ಅವರಿಗೂ ಗೊತ್ತಿಲ್ಲವಂತೆ. ಬೆಕ್ಕಿನ ಮೈಯಿಂದ ತೆಗೆದದ್ದನ್ನೇ ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿ ಚುಚ್ಚುತ್ತಾರೆ. ನಮ್ಮ ಮೈ ಜಗಳ ಬಿಟ್ಟು ಅದಕ್ಕೆ ಒಗ್ಗಿಕೊಳ್ಳಲಿ ಅಂತ.

ಸಿಸ್ಟರ್ ಕದರಮ್ಮ ಕೇಳಿದರು. "ಈ ವಾರ ಉಬ್ಸ ಏನಾದ್ರೂ ಬಂದಿತ್ತಾ ಮೇಡಂ?"

"ಇಲ್ಲ."

ಬಂದಿತ್ತು. ಭಾನುವಾರ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ್ದೆ. ಹೇಳಿದರೆ ಡೋಸ್ ಇಳಿಸುತ್ತಾರೆ. ಅಥವಾ ಕೈಬಿಡುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಬೆಕ್ಕನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿದ್ಧಾರ್ಥ್‌ನ ಕ್ಲಿನಿಕ್ಕಿಗೆ ನುಗ್ಗಬೇಕು. ಒಂದು ಸೀನೂ ಬರಬಾರದು. ಅವನ ಮುಖ ನೋಡಬೇಕು... ಅಷ್ಟು ಸಾಕು.

ತುಮಕೂರಿನಿಂದ ಬಸ್ಸಿನಲ್ಲಿ ಗುಬ್ಬಿ. ಅಲ್ಲಿಂದ ಸಿ.ಎಸ್. ಪುರ. ನಮ್ಮ ಪಶು ಆಸ್ಪತ್ರೆ ಬಾಗಿಲಲ್ಲಿ ಎರಡು ಹಸು, ಒಂದು ಕುಂಟ ಕುರಿ ಕಾಯುತ್ತಿದ್ದವು.

ಜುಲೈ 11, ಗುರುವಾರ

ಕಡಬದಲ್ಲಿ ಮಹಾಲಿಂಗಯ್ಯನವರ ಎಮ್ಮೆಗೆ ಕೆಚ್ಚಲು ಬಾವು. ಚುಚ್ಚುಮದ್ದು ಕೊಟ್ಟು ಕೈ ತೊಳೆಯುತ್ತಿದ್ದೆ. ಅವರ ಸೊಸೆ ನನ್ನನ್ನೇ ನೋಡುತ್ತಿದ್ದವಳು ಪಕ್ಕನೆ ನಕ್ಕಳು.

"ಮೇಡಂ, ನೀವು ಆ ಸೀನೋ ಡಾಕ್ಟ್ರಮ್ಮ ಅಲ್ವಾ? ಫೋನಲ್ಲಿ ಬಂದಿತ್ತಲ್ಲಾ!"

"ಸುಮ್ಕಿರಮ್ಮಿ" ಅಂದರು ಮಹಾಲಿಂಗಯ್ಯ. ಅವರಿಗೂ ನಗು ಬಂದಿತ್ತು. ಆ ಕಡೆ ತಿರುಗಿಕೊಂಡರು.

ಎರಡು ವರ್ಷ ಆಯಿತು. ಇನ್ನೂ ಸತ್ತಿಲ್ಲ ಆ ವೀಡಿಯೋ.

ಸಿದ್ಧಾರ್ಥ್, ನಾನು ಒಂದೇ ಬ್ಯಾಚು. ತುಮಕೂರು ಅಶೋಕನಗರದ ನಾಯಿ-ಬೆಕ್ಕಿನ ಕ್ಲಿನಿಕ್ ಇಬ್ಬರೂ ಸೇರಿ ತೆರೆದದ್ದು. ಬೋರ್ಡಿನ ಮೇಲೆ ಇಬ್ಬರ ಹೆಸರೂ. ಆಮೇಲೆ ನನಗೆ ಬೆಕ್ಕು ಆಗದೆ ಹೋಯಿತು. ಮೊದಲು ಕಣ್ಣುರಿ, ಆಮೇಲೆ ಸೀನು, ಆಮೇಲೆ ಉಬ್ಬಸ. ಒಂದು ದಿನ ಮರಿ ಹಿಡಿದುಕೊಂಡು ಸೀನುತ್ತಿದ್ದೆ, ಕಣ್ಣು ಟೊಮೇಟೊ ಆಗಿತ್ತು, ಮೂಗು ಸೋರುತ್ತಿತ್ತು. ಅವನು ಫೋನಲ್ಲಿ ತೆಗೆದ. ಒಂದೊಂದು ಸೀನಿಗೂ ಮಿಯಾಂವ್ ಅಂತ ಸೌಂಡ್ ಸೇರಿಸಿ ಬಿಟ್ಟ. 'ಬೆಕ್ಕಿನ ಡಾಕ್ಟ್ರಿಗೆ ಬೆಕ್ಕೇ ಅಲರ್ಜಿ.' ಊರೆಲ್ಲ ನಕ್ಕಿತು. ಕಸ್ಟಮರ್‌ಗಳು ನನ್ನ ಕೈಗೆ ಬೆಕ್ಕು ಕೊಡುವುದು ಬಿಟ್ಟರು. ಒಂದು ಬೆಳಗ್ಗೆ ಹೋಗಿ ನೋಡಿದರೆ ಬೋರ್ಡಿನಲ್ಲಿ ನನ್ನ ಹೆಸರಿನ ಮೇಲೆ ಬಿಳಿ ಪೇಂಟ್. ಇನ್ನೂ ಹಸಿ ಇತ್ತು.

"ಬೇಜಾರ್ ಮಾಡ್ಕೋಬೇಡ ಕಣೇ ಇಂಪು. ಹಸು ಎಮ್ಮೆ ಇದಾವಲ್ಲ ನಿಂಗೆ" ಅಂದಿದ್ದ.

ಈಗ ಹಸು ಎಮ್ಮೆ ಇವೆ. ಗುತ್ತಿಗೆ ಕೆಲಸ.

ಜುಲೈ 30, ಮಂಗಳವಾರ

ಇವತ್ತು ಬೆಕ್ಕಿನ ಕೋಣೆ. ಗಾಜಿನ ಕಿಟಕಿಯ ಸಣ್ಣ ರೂಮು, ಒಳಗೆ ಒಂದು ಬೆಕ್ಕು, ಅದು ಮಲಗುವ ಕಂಬಳಿ. ನಾವು ಒಬ್ಬೊಬ್ಬರೇ ಒಳಗೆ ಹೋಗಿ ಕೂರಬೇಕು. ಕದರಮ್ಮ ಕಿಟಕಿಯಾಚೆ ನಿಂತು ಸೀನು, ಕಣ್ಣು, ಉಸಿರು ಎಲ್ಲ ನೋಡುತ್ತಾರೆ. ಬೆಕ್ಕುಗಳನ್ನು ಊರಿನ ಬೆಕ್ಕು ಸಾಕಿದವರೇ ತಂದು ಕೊಡುತ್ತಾರೆ.

ಸೀನಿದೆ. ಆದರೆ ಮೊದಲಿನ ಹಾಗಲ್ಲ. ಕಣ್ಣು ಮುಚ್ಚಿಹೋಗಲಿಲ್ಲ. ಖುಷಿಯಲ್ಲೇ ಹೊರಗೆ ಬಂದೆ.

ಬೆಂಚಿನ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದವರು ಎಸ್.ಎಸ್. ಪುರಂ ಪದ್ಮಮ್ಮ. ಒಳಗಿದ್ದದ್ದು ಅವರ ಬೆಕ್ಕು, ಬೆಲ್ಲ. ಇವರ ಮೊದಲ ಬೆಕ್ಕು ಚುಕ್ಕಿ ನಮ್ಮ ಕ್ಲಿನಿಕ್ಕಿನ ಟೇಬಲ್ ಮೇಲೆ ತೀರಿಕೊಂಡಿತ್ತು. ಮರಿ ಆಗದ ಹಾಗೆ ಮಾಡುವ ಆಪರೇಷನ್. ಸಣ್ಣದು.

ನನ್ನನ್ನು ನೋಡಿ ಎದ್ದು ನಿಂತರು.

"ನೀನಾ? ನನ್ನ ಚುಕ್ಕೀನ ಸಾಯಿಸಿದ್ದು ಸಾಲ್ದಾ? ಇದನ್ನೂ ಮುಟ್ಟಿದ್ಯಾ?"

"ನಾನಲ್ಲಮ್ಮ... ಅವತ್ತು ನಾನು—"

"ಸಿದ್ಧಾರ್ಥ್ ಡಾಕ್ಟ್ರು ಎಲ್ಲಾ ಹೇಳಿದಾರೆ. ಮತ್ತಿನ ಇಂಜೆಕ್ಷನ್ ಕೊಟ್ಟು, ನಿನಗೇ ಸೀನು ಬಂತು ಅಂತ ಅದನ್ನ ಹಾಗೇ ಬಿಟ್ಟು ಓಡಿಹೋದ್ಯಂತೆ. ನಾಚಿಕೆ ಆಗ್ಬೇಕು."

ಬೆಲ್ಲನನ್ನು ಬುಟ್ಟಿಗೆ ಹಾಕಿಕೊಂಡು ಹೊರಟೇ ಹೋದರು.

ಇದು ನನಗೆ ಗೊತ್ತಿರಲಿಲ್ಲ. ವೀಡಿಯೋ ಗೊತ್ತು, ಬೋರ್ಡು ಗೊತ್ತು. ಇದು ಗೊತ್ತಿರಲಿಲ್ಲ. ಅವತ್ತು ನಾನು ಚುಕ್ಕಿಯನ್ನು ಮುಟ್ಟಿಯೇ ಇರಲಿಲ್ಲ. ಉಬ್ಬಸ ಬಂದು ಹಿಂದಿನ ರೂಮಿನಲ್ಲಿ ನೆಬ್ಯುಲೈಸರ್ ಹಿಡಿದು ಕೂತಿದ್ದೆ. ಮತ್ತಿನ ಇಂಜೆಕ್ಷನ್ ಕೊಟ್ಟವನು ಅವನು. ನೋಡಿಕೊಳ್ಳಬೇಕಾದವನು ಅವನು.

ಬಸ್ಸಿನಲ್ಲಿ ಮುಷ್ಟಿ ಬಿಗಿ ಹಿಡಿದೇ ಕೂತಿದ್ದೆ. ಗುಬ್ಬಿ ಬಂದದ್ದೇ ಗೊತ್ತಾಗಲಿಲ್ಲ.

ಆಗಸ್ಟ್ 4, ಭಾನುವಾರ. ಅಮೃತೂರು

ಮನೆಗೆ ಬಂದೆ. ಅವ್ವನಿಗೆ ಎಲ್ಲ ಹೇಳಿದೆ. ಕಾಯಿ ತುರಿಯುತ್ತಾ ಕೇಳಿಸಿಕೊಂಡಳು.

"ಬುಡು ಮಗ ಅತ್ಲಾಗೆ. ಅವ್ನ್ ಪಾಪ ಅವ್ನಿಗೆ. ನೀನ್ಯಾಕೆ ಮೈಗೆಲ್ಲಾ ಚುಚ್ಚುಸ್ಕಂತೀಯ?"

"ಬುಡಲ್ಲ ಕಣವ್ವ."

"ಬೆಕ್ಕಿಲ್ದಿದ್ರೆ ಬದ್ಕಕಾಗಲ್ವಾ?"

ಬೆಕ್ಕಿನ ಮಾತಲ್ಲ ಇದು. ಅವಳಿಗೆ ಹೇಗೆ ಹೇಳಲಿ? ಅಪ್ಪ ತೋಟದಿಂದ ಬಂದವರು, ಕೇಳಿಸಿಕೊಂಡು, ಎಳನೀರು ಕೆತ್ತಿ ಕೈಗೆ ಕೊಟ್ಟರು. ಕುಡಿಯುವಾಗಲೂ ಅವನ ಮುಖವೇ ಕಣ್ಣ ಮುಂದೆ.

ಆಗಸ್ಟ್ 13, ಮಂಗಳವಾರ

ಮಳೆಗೆ ನೆನೆದು ನೆಗಡಿ. ಎದೆ ಸುಯ್ ಅನ್ನುತ್ತಿದೆ. ಇವತ್ತು ಡೋಸ್ ಏರಿಸುವ ದಿನ. ಎದೆ ಕಟ್ಟಿದ್ದರೆ ಏರಿಸುವುದಿಲ್ಲ. ಉಸಿರು ಊದಿ ತೋರಿಸುವ ಟೆಸ್ಟಿಗೆ ಮೊದಲು ಬಾತ್‌ರೂಮಿಗೆ ಹೋಗಿ ಇನ್‌ಹೇಲರ್ ಎಳೆದುಕೊಂಡೆ. ಊದಿದೆ. ಪಾಸ್.

"ಗುಡ್" ಅಂದರು ಅನಂತರಾಜು. ಅವರು ಹಾಗೆ ನಕ್ಕಾಗ ಸ್ವಲ್ಪ ಕಸಿವಿಸಿ ಆಯಿತು. ಸ್ವಲ್ಪವೇ.

ಮುಂದಿನ ವಾರ ಇನ್ನೂ ಏರಿಸುತ್ತಾರೆ. ಏರಿಸಲಿ.

ಆಗಸ್ಟ್ 24, ಶನಿವಾರ

ನಾಲ್ಕು ದಿನ ಆದಮೇಲೆ ಇವತ್ತು ಪೆನ್ನು ಹಿಡಿದಿದ್ದೇನೆ.

ಮಂಗಳವಾರವೂ ಎದೆ ಸರಿ ಇರಲಿಲ್ಲ. ಅದೇ ಕಳ್ಳಾಟ ಆಡಿದೆ. ಚುಚ್ಚಿಸಿಕೊಂಡು ಬೆಂಚಿನ ಮೇಲೆ ಕೂತೆ. ಮೊದಲು ಅಂಗೈ ಕೆರೆತ. ಆಮೇಲೆ ತುಟಿ ದಪ್ಪ. ಆಮೇಲೆ ಗಂಟಲನ್ನು ಯಾರೋ ಒಳಗಿನಿಂದ ಹಿಸುಕಿದ ಹಾಗೆ. ಎದ್ದು ನಿಲ್ಲಲು ಹೋದೆ. ಕದರಮ್ಮ "ಡಾಕ್ಟ್ರೇ!" ಅಂತ ಕೂಗಿದ್ದು ಕೇಳಿಸಿತು. ಬೆಂಚಿನ ಕೊನೆಯಲ್ಲಿ ಬುಟ್ಟಿ ಹಿಡಿದ ಪದ್ಮಮ್ಮ ಕಂಡರು. ತೊಡೆಗೆ ಸೂಜಿ ಚುಚ್ಚಿದ್ದು ಗೊತ್ತಾಯಿತು. ಅಷ್ಟೇ.

ಮರುದಿನ ಅನಂತರಾಜು ಬಂದು ಮಂಚದ ಪಕ್ಕ ನಿಂತರು. ಇನ್‌ಹೇಲರ್ ನನ್ನ ಬ್ಯಾಗಿನಲ್ಲಿ ಸಿಕ್ಕಿತ್ತು.

"ನೀವೂ ಡಾಕ್ಟ್ರೇ ಅಲ್ವೇನ್ರೀ? ಇನ್ನೂ ಎಷ್ಟೋ ಜನಕ್ಕೆ ಇದೇ ಔಷಧಿ ಕೊಡ್ತಿದೀವಿ. ನೀವು ಸುಳ್ಳು ಹೇಳಿದ್ರೆ ಅವ್ರ ಕಥೆ ಏನು? ನಿಮ್ಮನ್ನ ನೋಡಿ ತಾನೇ ನಾವು ಡೋಸ್ ನಂಬೋದು?"



ಟ್ರಯಲ್‌ನಿಂದ ತೆಗೆದರು. ಜೀವಕ್ಕೆ ಅಪಾಯ ಬಂದಾಗ ಯಾವ ಔಷಧಿ ಅಂತ ಗುಟ್ಟಿನ ಪಟ್ಟಿ ತೆರೆದು ನೋಡುತ್ತಾರೆ. ನನ್ನದು ನಿಜವಾದದ್ದೇ. ಮೈ ಒಗ್ಗಿಕೊಳ್ಳುತ್ತಲೂ ಇತ್ತಂತೆ. ನಾನೇ ಕೆಡಿಸಿಕೊಂಡೆ. ಸಿದ್ಧಾರ್ಥ್ ದೂರದಲ್ಲಿ ಕೂತೇ ನನ್ನನ್ನು ಕೊಂದುಬಿಡುತ್ತಿದ್ದ. ಸೂಜಿಗೆ ತೋಳು ಕೊಟ್ಟವಳು ನಾನೇ.

ಸಿಟ್ಟು ಇಳಿದಿದೆಯಾ? ಇಲ್ಲ.

ಸೆಪ್ಟೆಂಬರ್ 12, ಗುರುವಾರ

ಮಧ್ಯಾಹ್ನ ಆಸ್ಪತ್ರೆ ಬಾಗಿಲಲ್ಲಿ ಪದ್ಮಮ್ಮ! ತುಮಕೂರಿನಿಂದ ಬಸ್ಸಿನಲ್ಲಿ. ಸೀರೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತರು.

"ಬೆಕ್ಕಿಗೋಸ್ಕರ ಸಾಯೋಕ್ಕೆ ಹೋಗಿದ್ಯಲ್ಲೇ ಹುಡುಗಿ! ಇಂಥವಳು ಬೆಕ್ಕನ್ನ ಬಿಟ್ಟು ಓಡ್ತಾಳಾ ಅಂತ ಅವತ್ತಿಂದ ನನಗೆ ಸಮಾಧಾನವೇ ಇಲ್ಲ. ಈಗ ಹೇಳು. ಏನಾಯ್ತು?"

ಹೇಳಿದೆ. ಹಿಂದಿನ ರೂಮು, ನೆಬ್ಯುಲೈಸರ್, ಎಲ್ಲ. ಪದ್ಮಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ಹೊರಗೆ ಕೂತಿದ್ದೆ. ಆಪರೇಷನ್ ನಡೀತಿರೋವಾಗ ಅವನು ಫೋನ್ ಹಿಡ್ಕೊಂಡು ನಗ್ತಾ ಹೊರಗೆ ಬಂದ. ಮೆಟ್ಟಿಲ ಮೇಲೆ ನಿಂತು ಮಾತಾಡ್ತಾನೇ ಇದ್ದ. ಒಳಗೆ ನೀನಿದೀಯ ಅಂದ್ಕೊಂಡೆ ನಾನು."

"ಒಳಗೆ ಯಾರೂ ಇರ್ಲಿಲ್ಲಮ್ಮ."

ಅವರ ಕಣ್ಣು ತುಂಬಿತು. ಆಮೇಲೆ ಮುಖ ಬಿಗಿಯಾಯಿತು. "ಭಾನುವಾರ ಅವನ ಕ್ಲಿನಿಕ್ ತುಂಬಿರತ್ತೆ ಅಲ್ವಾ?"

ಸೆಪ್ಟೆಂಬರ್ 22, ಭಾನುವಾರ. ಸಂಜೆ

ಬರೆಯಲೇಬೇಕು. ಎಲ್ಲ ಬರೆಯಬೇಕು.

ಅಲರ್ಜಿ ಮಾತ್ರೆ ನುಂಗಿಕೊಂಡು ಹೋದೆ. ಬೆಲ್ಲ ನನ್ನ ಹೆಗಲ ಮೇಲೆ. ಪದ್ಮಮ್ಮ ಪಕ್ಕದಲ್ಲಿ. ಒಳಗೆ ಕೂರಲು ಜಾಗವಿಲ್ಲ, ಅಷ್ಟು ಜನ. ಸಿದ್ಧಾರ್ಥ್ ಹೊರಗೆ ಬಂದ. ನೋಡಿದ. ನಕ್ಕ.

"ಓಹೋ! ಬಂದ್ರಪ್ಪಾ ನಮ್ಮ ಸೀನೋ ಡಾಕ್ಟ್ರು!"

ಎಷ್ಟು ದಿನ ಕನಸು ಕಂಡಿದ್ದೆ, ಸೀನಬಾರದು ಅಂತ. ಸೀನಿದೆ. ಒಂದಲ್ಲ, ಮೂರು ನಾಲ್ಕು. ಕಣ್ಣಲ್ಲಿ ನೀರು. ಆದರೆ ಉಸಿರು ನಿಲ್ಲಲಿಲ್ಲ. ಬೆಲ್ಲನನ್ನೂ ಬಿಡಲಿಲ್ಲ. ಅವನು ಜೇಬಿನಿಂದ ಫೋನ್ ತೆಗೆದು ಹಿಡಿದ. ನನ್ನ ಮುಖಕ್ಕೆ.

ಪದ್ಮಮ್ಮ ನನ್ನ ಮುಂದೆ ಬಂದು ನಿಂತರು. "ತೆಗಿಯಪ್ಪ, ಚೆನ್ನಾಗಿ ತೆಗಿ. ನನ್ನ ಚುಕ್ಕಿಗೆ ಮತ್ತು ಕೊಟ್ಟು, ಒಂಟಿಯಾಗಿ ಮಲಗಿಸಿ, ನೀನು ಆ ಮೆಟ್ಟಿಲ ಮೇಲೆ ಫೋನಲ್ಲಿ ನಗ್ತಾ ನಿಂತಿದ್ದೆ. ನಾನೇ ನೋಡಿದೀನಿ. ಅದು ಸತ್ತ ಮೇಲೆ ಈ ಹುಡುಗಿ ಮೇಲೆ ಹಾಕ್ದೆ. ಇಲ್ಲ ಅನ್ನು. ಅವತ್ತು ಚುಕ್ಕಿ ಪಕ್ಕ ಯಾರಿದ್ರು ಹೇಳು ನೋಡೋಣ?"

ಅವನು ಫೋನ್ ಇಳಿಸಿದ. ಕೂತಿದ್ದವರು ತಮ್ಮ ಫೋನ್ ಎತ್ತಿ ತೆಗೆಯತೊಡಗಿದರು. ಒಬ್ಬರು, ಇಬ್ಬರು, ಆಮೇಲೆ ಎಲ್ಲರೂ.

"ಆಂಟಿ, ಒಳಗೆ ಬನ್ನಿ, ಮಾತಾಡೋಣ..." ಅಂದ.

"ಯಾರಿದ್ರು?"

ಅವನು ಒಳಗಿನ ಬಾಗಿಲ ಕಡೆ ನೋಡಿದ. ಒಬ್ಬಾಕೆ ಎದ್ದು ತನ್ನ ಪರ್ಷಿಯನ್ ಬೆಕ್ಕನ್ನು ಎತ್ತಿಕೊಂಡು ಹೊರಟಳು. ಹಿಂದೆಯೇ ಇನ್ನೊಬ್ಬರು. ಅವನ ಮುಖ, ಅದೇ, ಎರಡು ವರ್ಷದಿಂದ ನಾನು ನೋಡಬೇಕು ಅಂದುಕೊಂಡಿದ್ದ ಮುಖ... ಸುಣ್ಣದ ಗೋಡೆ ಹಾಗೆ ಆಯಿತು.

ನನಗಾದ ಖುಷಿ ಒಳ್ಳೆಯವರಿಗೆ ಆಗಬಾರದಂಥದ್ದು. ಆಯಿತು. ಏನು ಮಾಡಲಿ? ಹೋಟೆಲಿಗೆ ಹೋಗಿ ಇಬ್ಬರೂ ಮಸಾಲೆ ದೋಸೆ ತಿಂದೆವು. ಪದ್ಮಮ್ಮ ತಿನ್ನುತ್ತಾ ತಿನ್ನುತ್ತಾ ಅತ್ತರು. ನಾನು ಅಳಲಿಲ್ಲ. ಇನ್ನೊಂದು ದೋಸೆ ಹೇಳಿದೆ.

ಅಕ್ಟೋಬರ್ 5, ಶನಿವಾರ

ಬೆಳಗ್ಗೆ ಹಟ್ಟಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಮೊಣಕೈವರೆಗೂ ಕೈ ಒಳಗಿತ್ತು. ತಲೆ ಎತ್ತಿದರೆ ಬೇಲಿ ಹತ್ತಿರ ಸಿದ್ಧಾರ್ಥ್. ಬಿಳಿ ಶೂ. ಗಡ್ಡ ಬಿಟ್ಟಿದ್ದಾನೆ.

"ಇಂಪು, ಕ್ಲಿನಿಕ್ ಪೂರ್ತಿ ಖಾಲಿ ಕಣೇ. ಅವತ್ತು ಆ ಆಂಟಿ ಮಾತಾಡಿದ್ ವೀಡಿಯೋ ಸುಳ್ಳು ಅಂತ ಒಂದ್ ಮಾತು ಹೇಳ್ಬಿಡೇ, ಪ್ಲೀಸ್."

"ಹಗ್ಗ ಹಿಡ್ಕೋ."

ಹಿಡಿದುಕೊಂಡ. ಸಗಣಿಯಲ್ಲಿ ಶೂ ಮುಳುಗಿತು. ನಾನು ಎಳೆ ಅಂದಾಗ ಎಳೆದ, ನಿಲ್ಲಿಸು ಅಂದಾಗ ನಿಲ್ಲಿಸಿದ. ಕರು ಬಂತು. ಬದುಕಿದೆ. ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

"ತಪ್ಪಾಯ್ತು ಕಣೇ" ಅಂದ. ಮೆಲ್ಲಗೆ.

"ನನ್ ಹತ್ರ ಅಲ್ಲ. ಎಸ್.ಎಸ್. ಪುರಂಗೆ ಹೋಗು."

"ವಯಸ್ಸಾದೋರು... ಅವ್ರಿಗೆ ಏನಂತ ಹೇಳ್ಲಿ?"

ನಾನು ಕರುವಿನ ಮೂಗು ಒರೆಸುತ್ತಿದ್ದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಸಂಜೆ ಆರಕ್ಕೆ ಪದ್ಮಮ್ಮನ ಫೋನು. ಪಿಸುಮಾತು.

"ಅವನು ಬಂದಿದಾನೆ ಕಣೇ. ಗೇಟ್ ಹತ್ರ ನಿಂತಿದಾನೆ. ಬೆಲ್ ಮಾಡಕ್ಕೂ ಭಯ ಅನ್ಸತ್ತೆ. ಒಳಗೆ ಕರೀಲೋ ಬೇಡ್ವೋ?"

ಅಲ್ಲಿ ಮಳೆ ಬರುತ್ತಿದೆಯಾ ಅಂತ ಕೇಳಿದೆ.

"ಜೋರಾಗಿ ಬರ್ತಿದೆ. ಕೊಡೆಯೂ ಇಲ್ಲ ಅವನ ಹತ್ರ."

ಹಾಗಾದರೆ ಇನ್ನೊಂದು ಸ್ವಲ್ಪ ಹೊತ್ತು ನೆನೆಯಲಿ, ಆಮೇಲೆ ಕರೆಯಿರಿ ಅಂದೆ.