ಡಾಕ್ಟರ್ ಉಪ್ಪು

ಮಾರ್ಚ್ 3, ಸೋಮವಾರ

ಇವತ್ತೂ ಬೀನ್ಸ್. ಅಕ್ಕ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ತಟ್ಟೆ ನೋಡಿದಳು.

"ಉಪ್ಪು ಹಾಕಿಲ್ಲ ಅಂತ ಗೊತ್ತು. ಮಿಕ್ಕಿದ್ದೇನು ಹಾಕಿದ್ದೀಯ, ಅದನ್ನ ಹೇಳು."

ಬೆಳ್ಳುಳ್ಳಿ. ಕಾಳುಮೆಣಸು. ಹುರಿದ ಜೀರಿಗೆ. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು.

"ಹುಳಿ ಹಿಂಡೋದೇ ಆಯ್ತು ನಿನ್ನ ಕೆಲಸ," ಅಂದಳು. ತಿಂದಳು... ಅರ್ಧ.

ಅಕ್ಕನ ಕಿಡ್ನಿ ಸೋತಿದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದಾಗಿನಿಂದ ಒಲೆ ನನ್ನ ಪಾಲಿಗೆ ಬಂದಿದೆ. ಅವಳು ನಿಂತರೆ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಗುತ್ತೆ. ತಡೆಯೋಕಾಗಲ್ಲ ಕಣೋ ಅಂತ ಅವಳೇ ಒಪ್ಪಿಕೊಂಡಳು. ಅದಕ್ಕೇ ಡಬ್ಬಿಯನ್ನೇ ಮನೆಯಿಂದ ಆಚೆ ಹಾಕಿದೆ. ಈಗ ಗೊತ್ತಾಗ್ತಿದೆ, ಉಪ್ಪು ಎಲ್ಲೆಲ್ಲಿ ಇತ್ತು ಅಂತ. ಈರುಳ್ಳಿ ಬೇಗ ಬಾಡೋಕೆ ಉಪ್ಪು. ಮೊಟ್ಟೆ ಬೇಯಿಸೋ ನೀರಿಗೆ ಉಪ್ಪು. ಹಾಗಲಕಾಯಿಯ ಕಹಿ ತೆಗೆಯೋಕೆ ಉಪ್ಪು. ಬ್ರೆಡ್ಡಲ್ಲಿ, ಬೆಣ್ಣೆಯಲ್ಲಿ, ಸಿಹಿ ಬಿಸ್ಕತ್ತಲ್ಲಿ ಕೂಡ! ತಳ ಹಿಡಿದ ಪಾತ್ರೆ ಉಜ್ಜೋಕೂ ಅದೇ.

ನಾನು ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಕಾಲಿಂಚು ಆಚೀಚೆ ಆದರೆ ಕೋಟು ಭುಜದ ಮೇಲೆ ಕೂರಲ್ಲ. ಅಡುಗೆಯಲ್ಲಿ ಎಲ್ಲ ಅಂದಾಜು. ಜೀರಿಗೆ ಎಷ್ಟು ಅಂದರೆ "ಒಂದು ಸ್ವಲ್ಪ" ಅಂತಾಳೆ. ಒಂದು ಸ್ವಲ್ಪ ಅಳೆಯೋ ಟೇಪು ಎಲ್ಲಿ ಸಿಗುತ್ತೆ? ದಿನವಿಡೀ ನಿಂತು ಕತ್ತರಿಸಿ ಬಂದು ಮತ್ತೆ ನಿಂತು ಹೆಚ್ಚೋದು. ಬೆನ್ನು ಬಿದ್ದುಹೋಗಿದೆ.

ಮಾರ್ಚ್ 6, ಗುರುವಾರ

ಕೆಳಗಿನ ಮನೆಯಾಕೆ ಬಂದಿದ್ದರು. ಅಕ್ಕ ಆಕೆಗೆ ರೇಡಿಯೋ ಅಂತ ಹೆಸರಿಟ್ಟಿದ್ದಾಳೆ. ಉಪ್ಪುಖಾರ ಹಚ್ಚದೆ ಒಂದು ಸುದ್ದಿ ಹೇಳಿದವರಲ್ಲ. ಇವತ್ತು ಮಾತ್ರ ಬರೀ ಉಪ್ಪಿನ ಸುದ್ದಿ.

"ನಮ್ಮೆಜಮಾನ್ರಿಗೆ ಬಿಪಿ ಅಲ್ವಾ, ಅವರಿಗೆ ಬೇರೆ ಉಪ್ಪು ತರೋದು. ಕಡಿಮೆ ಸೋಡಿಯಂದು. ಉಪ್ಪಿನ ಥರಾನೇ ಇರುತ್ತೆ, ಉಪ್ಪಿನ ಕಾಟ ಇರಲ್ಲ. ಸುಮ್ನೆ ಯಾಕೆ ಅಕ್ಕನ್ನ ಉಪವಾಸ ಕೆಡವ್ತೀರಿ?"

ಅಂಗಡಿಯಿಂದ ಬರ್ತಾ ತಂದೆ. ಹಸಿರು ಪ್ಯಾಕೆಟ್, ಮೇಲೆ ಕೆಂಪು ಹೃದಯದ ಚಿತ್ರ. ಆಲೂಗಡ್ಡೆ ಬೇಯಿಸಿ ಮೇಲೆ ಉದುರಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಅಗಿದಳು.

"ಕೊನೇಲಿ ಚೂರು ಕಹಿ. ಆದ್ರೆ ಉಪ್ಪೇ ಕಣೋ ಇದು! ಡಾಕ್ಟರ್ ಉಪ್ಪು!"

ತಟ್ಟೆ ಖಾಲಿ. ಇನ್ನೊಂದು ಆಲೂಗಡ್ಡೆ ಕೇಳಿದಳು. ಎಷ್ಟು ದಿನವಾಗಿತ್ತೋ. ಕೂತು ನೋಡ್ತಾ ಇದ್ದೆ.

ಮಾರ್ಚ್ 9, ಭಾನುವಾರ

ಡಾಕ್ಟರ್ ಉಪ್ಪು ಬಂದ ಮೇಲೆ ಮನೆಯಲ್ಲಿ ಗಲಾಟೆ ಕಡಿಮೆ. ಸೂಪಿಗೆ, ಬೇಳೆಗೆ, ಮೊಟ್ಟೆಗೆ, ಎಲ್ಲದಕ್ಕೂ ಅದೇ. ಒಂದು ಚಮಚ ಹಾಕಿದರೆ "ಹಾಕೋ ಇನ್ನೊಂಚೂರು, ಕಡಿಮೆ ಉಪ್ಪಿನ ಉಪ್ಪು ತಾನೇ," ಅಂತಾಳೆ. ಸರಿಯಾದ ಲೆಕ್ಕ ಅನ್ನಿಸ್ತು. ಹಾಕಿದೆ.

ಊಟ ಮಾಡಿ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತು ಬೀದಿಯಲ್ಲಿ ಹೋಗೋರನ್ನೆಲ್ಲ ಆಡಿಕೊಂಡಳು. ಹಳೇ ಅಕ್ಕ. ಅಮ್ಮ ಹೋದಾಗ ನಾನು ಇನ್ನೂ ಚಡ್ಡಿ ಹುಡುಗ, ಇವಳೇ ಬಡಿದು ಉಣಿಸಿ ಬೆಳೆಸಿದ್ದು. ಭಾವ ತೀರಿಕೊಂಡ ಮೇಲೆ ಟ್ರಂಕ್ ಹಿಡಿದು ನನ್ನ ಮನೆಗೆ ಬಂದಳು. ನನಗಂತೂ ಮದುವೆ ಅಂತ ಆಗಲೇ ಇಲ್ಲ. ಅವಳಿಗೆ ನಾನು, ನನಗೆ ಅವಳು.

ಮಾರ್ಚ್ 24, ಸೋಮವಾರ

ರಕ್ತ ಪರೀಕ್ಷೆಯ ದಿನ. ಅಂಗಡಿಗೆ ಅರ್ಧ ದಿನ ರಜೆ.

ಗಡ್ಡದ ಡಾಕ್ಟರ್ ಇದ್ದ. ಚಿಕ್ಕವನು. ಕಂಪ್ಯೂಟರ್ ನೋಡಿಕೊಂಡೇ ಮಾತಾಡ್ತಾನೆ. ಪೊಟ್ಯಾಸಿಯಂ ಅಂತ ಒಂದು ಏರಿದೆಯಂತೆ. ಅದು ಜಾಸ್ತಿಯಾದರೆ ಹೃದಯಕ್ಕೆ ತೊಂದರೆಯಂತೆ. ಬಾಳೆಹಣ್ಣು ಬೇಡ, ಎಳನೀರು ಬೇಡ, ಆಲೂಗಡ್ಡೆ ಬೇಡ ಅಂದ.

"ಉಪ್ಪಿನ ವಿಷಯ ಹೇಗಿದೆ ಅಮ್ಮ?"

"ಡಾಕ್ಟರ್ ಉಪ್ಪೇ ಹಾಕೋದಪ್ಪ. ಬೇರೆ ಉಪ್ಪು ಮನೇಲೇ ಇಲ್ಲ."

"ವೆರಿ ಗುಡ್. ಅಳತೆ ಪ್ರಕಾರ ತಾನೇ?"

"ಇವನು ಕಟಿಂಗ್ ಮಾಸ್ಟರ್ರು. ಅಳತೆ ತಪ್ಪೋನೇ ಅಲ್ಲ."

ಅವನು ನಕ್ಕ. ನಾನೂ ತಲೆ ಆಡಿಸಿದೆ. ಆಸ್ಪತ್ರೆಯಲ್ಲಿ ಒಂದು ವಿಷಯಕ್ಕಾದರೂ ಭೇಷ್ ಅನ್ನಿಸಿಕೊಂಡೆವು.

ಏಪ್ರಿಲ್ 2, ಬುಧವಾರ

ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ, ಅದನ್ನೂ ಚೆಲ್ಲಬೇಕು. ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತಂತೆ. ರುಚಿಯೂ ಜೊತೆಗೇ ಹೋಗುತ್ತೆ. ಉಳಿಯೋದು ನೆನೆದ ಹತ್ತಿಬಟ್ಟೆ. ಅದಕ್ಕೆ ಡಾಕ್ಟರ್ ಉಪ್ಪು ಇನ್ನಷ್ಟು ಬೇಕಾಗ್ತಿದೆ. ಎರಡನೇ ಪ್ಯಾಕೆಟ್ಟೂ ತಳ ಕಂಡಿತು.

ಇಷ್ಟೆಲ್ಲ ಮಾಡಿದರೂ ಅಕ್ಕನ ಕಾಲಲ್ಲಿ ಶಕ್ತಿ ಇಲ್ಲ. ಬಚ್ಚಲಿಂದ ಹಾಸಿಗೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತಳು. ಎದೆ ಯಾಕೋ ಡವಡವ ಅಂತ ಹಾರಿ ಸುಮ್ಮನಾಗುತ್ತಂತೆ. ಮಾತ್ರೆ ಬದಲಾಯಿಸಿದ್ದಾರೆ, ಅದಕ್ಕಿರಬೇಕು. ಸೋಮವಾರ ತೋರಿಸೋಣ ಅಂದರೆ, ಅಂಗಡಿಯಲ್ಲಿ ಮದುವೆ ಸೂಟುಗಳ ರಾಶಿ. ಮಂಗಳವಾರ ಹೋಗೋಣ ಅಂದಳು.

ನನಗೂ ಸುಸ್ತು. ಹೇಳಿಕೊಳ್ಳೋ ಹಾಗಿಲ್ಲ.

ಏಪ್ರಿಲ್ 8, ಮಂಗಳವಾರ

ಆಸ್ಪತ್ರೆ. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ತಾ ಕುಸಿದಳು. ಐಸಿಯು. ಒಳಗೆ ಬಿಡ್ತಿಲ್ಲ.

ಏಪ್ರಿಲ್ 10, ಗುರುವಾರ

ಬರೆದರೆ ತಲೆ ತಣ್ಣಗಾಗಬಹುದು. ನೋಡೋಣ.

ಪೊಟ್ಯಾಸಿಯಂ ಎಲ್ಲಿಗೋ ಏರಿಬಿಟ್ಟಿತ್ತಂತೆ. ಇಂಜೆಕ್ಷನ್ ಕೊಟ್ಟು, ಡಯಾಲಿಸಿಸ್ ಮಾಡಿ ಇಳಿಸಿದ್ದಾರೆ. ಎಲ್ಲಿಂದ ಬರ್ತಿದೆ ಅಂತ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಡಯಟ್ ಮೇಡಂ ಬಂದು ನನ್ನನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿಕೊಂಡರು. ಬೆಳಿಗ್ಗೆಯಿಂದ ಸಂಜೆವರೆಗೆ ಒಲೆ ಮೇಲೆ ಏನೇನು ಇಡ್ತೀರಿ, ಒಂದೂ ಬಿಡದೆ ಹೇಳಿ ಅಂದರು. ಹೇಳಿದೆ. ನೆನೆಸೋದು, ಚೆಲ್ಲೋದು, ಎಲ್ಲ. ಪಾಪ, ತಲೆದೂಗ್ತಾ ಕೇಳಿದರು.

"ಕೊನೆಗೆ ಡಾಕ್ಟರ್ ಉಪ್ಪು ಹಾಕಿ ಇಳಿಸ್ತೀನಿ ಮೇಡಂ."

"ಅಂದ್ರೆ? ಯಾವ ಡಾಕ್ಟರ್ ಕೊಟ್ಟಿದ್ದು?"

"ಯಾರೂ ಕೊಟ್ಟಿಲ್ಲ. ಅದು ಅದರ ಹೆಸರು."

"ಯಾರಿಟ್ಟ ಹೆಸರು?"

"...ನಾವೇ."

ಪೆನ್ನು ಕೆಳಗಿಟ್ಟರು. ಪ್ಯಾಕೆಟ್ ಯಾವ ಬಣ್ಣ ಅಂದರು. ಹಸಿರು ಅಂದೆ.

ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿರ್ತಾರಂತೆ. ಬರೀ ಬಿಪಿ ಇದ್ದು ಕಿಡ್ನಿ ಗಟ್ಟಿ ಇರೋರಿಗೆ ಒಳ್ಳೆಯದೇ. ಕಿಡ್ನಿ ಸೋತವರಿಗೆ ಅದನ್ನು ಹೊರಗೆ ಹಾಕೋ ಶಕ್ತಿ ಇರಲ್ಲ. ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತಂತೆ. ಹಿಂದೆ ತಿರುಗಿಸಿ ನೋಡಿದವರು ಯಾರು? ಬಟ್ಟೆಯ ಎರಡೂ ಮಗ್ಗುಲು ನೋಡದೆ ಕತ್ತರಿ ಇಡಬಾರದು ಅಂತ ಅಂಗಡಿಯಲ್ಲಿ ಎಲ್ಲರಿಗೂ ಬೈಯೋನು ನಾನು.

ನೀರಲ್ಲಿ ನೆನೆಸಿ ನೆನೆಸಿ ಚೆಲ್ಲಿದೆ. ಆಮೇಲೆ ಚಮಚದಲ್ಲಿ ಅದನ್ನೇ ತುಂಬಿ ಅಕ್ಕನಿಗೆ ಉಣಿಸಿದೆ. ನನ್ನ ಕೈಯಾರೆ.

ಏಪ್ರಿಲ್ 12, ಶನಿವಾರ

ವಾರ್ಡಿಗೆ ತಂದಿದ್ದಾರೆ. ಗಡ್ಡದ ಡಾಕ್ಟರ್ ಬಂದು ಮಂಚದ ಹತ್ತಿರ ನಿಂತ. ಇವತ್ತು ಕಂಪ್ಯೂಟರ್ ಇಲ್ಲ, ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ ಅವನಿಗೆ. "ಡಾಕ್ಟರ್ ಉಪ್ಪು ಅಂದ್ರೆ ನಾವು ಹೇಳಿದ ಅಳತೆಯ ಉಪ್ಪು ಅಂತ ತಿಳ್ಕೊಂಡೆ ಅಮ್ಮ," ಅಂದ.

"ನಮ್ಮ ಮನೆ ಭಾಷೆ ನಿನಗೆ ಹೇಗಪ್ಪ ಗೊತ್ತಾಗಬೇಕು," ಅಂದಳು ಅಕ್ಕ. "ತರಿಸ್ಕೊಂಡಿದ್ದು ನಾನೇ. ಇವನಿಗೇನು ತಿಳಿಯುತ್ತೆ, ಬಟ್ಟೆ ಕತ್ತರಿಸೋನು."

ಸುಳ್ಳು. ನನ್ನ ಮುಖ ನೋಡದೆ ಹೇಳಿದಳು.

ಗಡ್ಡದವನಿಗಿಂತ ಮೇಲಿನ ದೊಡ್ಡ ಡಾಕ್ಟರಮ್ಮನನ್ನು ಬಾಗಿಲ ಆಚೆ ಹಿಡಿದು ಕೇಳಿದೆ, ಅದರಿಂದ ಕಿಡ್ನಿ ಇನ್ನೂ ಹಾಳಾಯ್ತಾ ಅಂತ. "ಕಿಡ್ನಿ ಮೊದಲೇ ಸೋತಿತ್ತು. ಅದರಿಂದ ನಿಲ್ಲೋದರಲ್ಲಿದ್ದದ್ದು ಹೃದಯ," ಅಂದರು. ಸಮಾಧಾನಕ್ಕೆ ಹೇಳಿದ್ದು. ಎಲ್ಲಿಯ ಸಮಾಧಾನ.

ಏಪ್ರಿಲ್ 19, ಶನಿವಾರ

ಮನೆಗೆ ಬಂದೆವು. ಸದ್ಯಕ್ಕೆ ಡಯಾಲಿಸಿಸ್ ಬೇಡವಂತೆ. ರೇಡಿಯೋ ಬಂದು ಅಳ್ತಾ ಕೂತರು. ಅಕ್ಕನೇ ಆಕೆಗೆ ಸಮಾಧಾನ ಮಾಡಿ ಕಳಿಸಿದಳು.

ನಾನು ಒಲೆ ಹತ್ತಿರ ಹೋಗಿಲ್ಲ. ಧೈರ್ಯ ಇಲ್ಲ. ಕಿಡ್ನಿಯವರಿಗೆ ಅಂತಲೇ ಮಾಡೋ ಊಟ ಆಸ್ಪತ್ರೆ ಕ್ಯಾಂಟೀನಿನಿಂದ ಕ್ಯಾರಿಯರಿನಲ್ಲಿ ಬರುತ್ತೆ. ಉಪ್ಪೂ ಇಲ್ಲ, ಬದಲಿ ಉಪ್ಪೂ ಇಲ್ಲ, ಬೇರೆ ಏನೂ ಇಲ್ಲ. ಬೆಂದಿರುತ್ತೆ, ಅಷ್ಟೇ.

ಅಕ್ಕ ನಾಲ್ಕು ತುತ್ತು ತಿಂದು "ಚೆನ್ನಾಗಿದೆ" ಅಂದಳು. ನೀರು ಕೊಟ್ಟರೆ ಥ್ಯಾಂಕ್ಸ್ ಅಂದಳು. ನನಗೆ! ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿಲ್ಲ. ನೆಂಟರ ಮನೆಗೆ ಬಂದವಳ ಹಾಗೆ ಇದ್ದಾಳೆ. ಮನಸ್ಸಿನೊಳಗೆ ನನ್ನ ಮೇಲೆ ಕೋಪ ಇಟ್ಟುಕೊಂಡಿರಬೇಕು. ಇಟ್ಟುಕೊಳ್ಳಲಿ. ಅದಕ್ಕೆ ನಾನು ಲಾಯಕ್ಕು.

ಏಪ್ರಿಲ್ 28, ಸೋಮವಾರ

ರಕ್ತ ಪರೀಕ್ಷೆ. ಪೊಟ್ಯಾಸಿಯಂ ಸರಿಯಾಗಿದೆ. ತೂಕ ಸರಿಯಿಲ್ಲ. ನೈಟಿಯ ಭುಜ ಜಾರಿ ಬೀಳ್ತಿದೆ, ಕಣ್ಣಳತೆಯಲ್ಲೇ ಗೊತ್ತಾಗುತ್ತೆ ನನಗೆ. ದೊಡ್ಡ ಡಾಕ್ಟರಮ್ಮ ನನ್ನನ್ನು ನಿಲ್ಲಿಸಿಕೊಂಡರು. "ಊಟ ಹೀಗೇ ಬಿಟ್ಟರೆ ಮೈಯಲ್ಲಿ ಏನೂ ಉಳಿಯಲ್ಲ. ಆಮೇಲೆ ನಮ್ಮ ಕೈಲೂ ಆಗಲ್ಲ. ಏನಾದರೂ ಮಾಡಿ ತಿನ್ನೋ ಹಾಗೆ ಮಾಡಿ."

ಏನಾದರೂ ಮಾಡಿ ಅಂತೆ. ಏನಾದರೂ ಮಾಡೋಕೆ ಹೋಗಿಯೇ ತಾನೇ...

ಏಪ್ರಿಲ್ 29, ಮಂಗಳವಾರ, ಮಧ್ಯಾಹ್ನ

ಅಂಗಡಿಗೆ ಹೋಗಲಿಲ್ಲ. ಕ್ಯಾರಿಯರ್ ಬಂತು. ಎರಡು ತುತ್ತು. ಕೈ ತೊಳೆದಳು.

"ಚೆನ್ನಾಗಿದೆ. ಹೊಟ್ಟೆ ತುಂಬ್ತು."

ನನಗೆ ತಡೆಯಲಾಗಲಿಲ್ಲ. ಸುಳ್ಳು ಹೇಳ್ಬೇಡ ಅಕ್ಕಾ ಅಂತ ಕಿರುಚಿಬಿಟ್ಟೆ. ಕೋಪ ಇದ್ರೆ ಬೈಯಿ, ತಟ್ಟೆ ತೆಗೆದು ನನ್ನ ಮುಖಕ್ಕೆ ಎಸಿ, ಹೀಗೆ ಮೂರನೆಯವರ ಥರ ಇರಬೇಡ ಅಂದೆ.

ಅವಳು ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡಳು.

"ಕೋಪ ಎಲ್ಲಿದೆಯೋ? ಭಯ ಕಣೋ. ಸಪ್ಪೆ ಅಂದ್ರೆ ಮತ್ತೆ ಏನಾದ್ರೂ ಹುಡುಕ್ಕೊಂಡು ಹೋಗ್ತೀಯ ನೀನು. ಇಷ್ಟಕ್ಕೆಲ್ಲ ನನ್ನ ನಾಲಿಗೇನೇ ಕಾರಣ. ದಿನಾ ಗೊಣಗದೆ ತಿಂದಿದ್ರೆ ಆ ಪ್ಯಾಕೆಟ್ ತರ್ತಿದ್ದೆಯಾ?"

ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾಳೆ. ತಪ್ಪು ತನ್ನದು ಅಂತ. ನಾನು ನನ್ನದು ಅಂತ. ಒಂದೇ ಮನೆಯಲ್ಲಿ, ಎದುರುಬದುರು ಕೂತು.

ಅತ್ತುಬಿಟ್ಟೆ. ಈ ವಯಸ್ಸಿಗೆ, ಅವಳ ಎದುರಿಗೇ. ಅವಳೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕ್ಯಾರಿಯರ್ ಕಡೆ ನೋಡಿ, "ಇದನ್ನ ನಾಯಿಗೆ ಹಾಕಿದ್ರೂ ಮೂಸಲ್ಲ," ಅಂದಳು.

"ನಾನು ಮಾಡ್ಲಾ?"

"ಮತ್ತೆ? ನಾನು ಸಾಯೋವರೆಗೂ ಕ್ಯಾಂಟೀನಿನೋರೇ ಮಾಡ್ಬೇಕಾ? ಹಸಿವಾಗ್ತಿದೆ ನನಗೆ."

ಹಸಿವಾಗ್ತಿದೆ ಅಂದಳು. ಅವಳೇ. ನಾನು ಕೇಳದೆ.

ಡಯಟ್ ಮೇಡಂ ಬರೆದುಕೊಟ್ಟಿದ್ದನ್ನು ಎರಡು ಸಲ ಓದಿಕೊಂಡೆ. ಎಲೆಕೋಸು ಆಗುತ್ತೆ. ನೆನೆಸಿ, ಬಸಿದು, ಬೆಳ್ಳುಳ್ಳಿ ಜಜ್ಜಿ ಹಾಕಿ ಒಲೆ ಮೇಲಿಟ್ಟು ಬಂದಿದ್ದೇನೆ. ಸಣ್ಣ ಉರಿ. ಅವಳು ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಎಳೆದು ಕೂತಿದ್ದಾಳೆ. ಕೋಸು ಹೆಚ್ಚಿದ್ದು ದಪ್ಪ ಆಯ್ತಂತೆ. ದರ್ಜಿ ಅಂತೆ ದರ್ಜಿ, ಇದೇನು ಕೋಸು ಕತ್ತರಿಸಿದ್ದೀಯೋ ಕಂಬಳಿ ಕತ್ತರಿಸಿದ್ದೀಯೋ ಅಂತೆ. ಬೆಳ್ಳುಳ್ಳಿ ಕಡಿಮೆ ಆಯ್ತಂತೆ. ಬೈಯ್ತಾನೇ ಇದ್ದಾಳೆ. ಬೈಯಲಿ. ಈಗ ಮೂಗು ಸತ್ತುಹೋಗಿದೆಯಾ, ತಳ ಹಿಡಿತಿದೆ, ಅಲ್ಲೇನೋ ಗೀಚ್ತಾ ಕೂತಿದ್ದೀಯ ಅಂತ... ಹೌದು, ವಾಸನೆ ಬಂತು, ಸೀದು—