ಕಳೆ ಹುಟ್ಟದ ಹಾದಿ

ವೆಂಡೆಲ್‌ಮೇರ್,
೩ ನವೆಂಬರ್ ೧೯೯೩, ಬುಧವಾರ

ಪ್ರೀತಿಯ ಹಿಲ್ಡೆ,

ಹೇಗಿದ್ದೀಯ ಮಗಳೇ? ನೂರಿಯಾಳ ಜ್ವರ ಇಳಿಯಿತೇ? ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಹಾಗೇ ಆಗುತ್ತದೆ. ನೀನಂತೂ ಮೊದಲ ಹಲ್ಲಿಗೇ ಇಡೀ ಬೀದಿಯನ್ನು ಎಬ್ಬಿಸಿ ಕೂರಿಸಿದ್ದವಳು. ನಿಮ್ಮ ಸರಗೋಸಾದ ಗಾಳಿ ಕೆಟ್ಟದ್ದು, ಕಿವಿ ಮುಚ್ಚುವ ಹಾಗೆ ಟೊಪ್ಪಿ ಹಾಕು. ಅವಳಿಗೆ ಅನ್ನ ಆಹಾರ ಶುರು ಮಾಡಬೇಕೆಂದಿದ್ದೀಯ ಎಂದು ಬರೆದಿದ್ದೆಯಲ್ಲ, ಅದನ್ನು ನಿನ್ನಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡರು. ಈಗಲೂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಏನು ಬರೆಯುತ್ತಿದ್ದೇನೆ ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದಾರೆ. ಬರೆದಾದ ಮೇಲೆ ತಾವೂ ಓದಿ, ಕೊನೆಯಲ್ಲಿ ಒಂದು ಸಾಲು ಬರೆಯುತ್ತಾರಂತೆ.

ನಾನು ಚೆನ್ನಾಗಿದ್ದೇನೆ. ಮಣಿಕಟ್ಟು ಕೂಡಿಕೊಂಡಿದೆ, ಚಳಿಯಲ್ಲಿ ಮಾತ್ರ ನೋಯುತ್ತದೆ. ಕಿಟಕಿಯ ಬಾಗಿಲು ಎಳೆದಿದ್ದಕ್ಕೆಲ್ಲ ಕೈ ಮುರಿಯುವುದುಂಟೇ ಎಂದು ಡಾಕ್ಟರು ಮೂತ್ರ, ರಕ್ತ ಎಲ್ಲ ತೆಗೆದುಕೊಂಡು ಹೋದರು. "ವಯಸ್ಸಾಯ್ತು ಕಣೇ, ಇನ್ನೇನು ಹದಿನಾರಾ ನಿಂಗೆ?" ಎಂದು ನಿನ್ನಪ್ಪನ ತೀರ್ಪು. ಅವರು ಗಟ್ಟಿಯಾಗಿದ್ದಾರೆ, ಬಾಯಿಯಂತೂ ಇನ್ನೂ ಗಟ್ಟಿ.

ಊರಿನ ಸುದ್ದಿಗೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ನಮ್ಮ ಸತುವಿನ ಕಾರ್ಖಾನೆಯ ಹಳೆಯ ಹೊಗೆಗೂಡನ್ನು ಪರಂಪರೆಯ ಕಟ್ಟಡ ಎಂದು ಸಾರಿದರು. ಇನ್ನು ಯಾರೂ ಅದರ ಒಂದು ಇಟ್ಟಿಗೆಯನ್ನೂ ಮುಟ್ಟುವ ಹಾಗಿಲ್ಲ. ವಾದ್ಯದವರು ಬಂದರು, ಮೇಯರ್ ಭಾಷಣ ಮಾಡಿದರು, ಕುಲುಮೆಯ ಮುಂದೆ ದುಡಿದ ಹಳಬರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ ಎದೆಗೆ ಬಿಲ್ಲೆ ಚುಚ್ಚಿದರು. ನಿನ್ನಪ್ಪ ಮದುವೆಯ ಕೋಟು ಹಾಕಿಕೊಂಡು ಹೋಗಿದ್ದರು. ಆ ಕೋಟು ಈಗ ಹೊಟ್ಟೆಯ ಹತ್ತಿರ ಕೂಡುವುದಿಲ್ಲ, ಉಸಿರು ಬಿಗಿಹಿಡಿದೇ ಕೂತರು. ಮರಳು ತೆಗೆದ ಗುಂಡಿಗಳೆಲ್ಲ ಈಗ ಕೆರೆಗಳಾಗಿವೆಯಲ್ಲ, ಅಲ್ಲಿ ಹಾಯಿದೋಣಿ ಆಡಿಸಲು ಬಂದಿದ್ದ ಆಂಟ್ವರ್ಪಿನ ಜನ ಹೊಗೆಗೂಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನೀರು ಎಷ್ಟು ನೀಲಿ, ಎಷ್ಟು ತಿಳಿ ಎಂದು ಹೊಗಳಿದರು. ನಮ್ಮ ಕೆರೆಯ ನೀರು ಯಾವಾಗಲೂ ನೋಡಲು ಚೆಂದವೇ.

ಅದಾದ ಸ್ವಲ್ಪ ದಿನಕ್ಕೆ ಬೂಟು ಹಾಕಿಕೊಂಡ ಒಬ್ಬ ಹುಡುಗಿ, ಅವಳ ಜೊತೆಗೊಬ್ಬ ಗಂಡಸು ಸರ್ಕಾರದ ಕಡೆಯಿಂದ ಬಂದು ನಮ್ಮ ಹಿತ್ತಲಿನ ಮಣ್ಣು ತೆಗೆದುಕೊಂಡು ಹೋದರು. ನಿನಗೆ ನೆನಪಿರಬೇಕು, ಹಿತ್ತಲಿನ ಆ ಕಪ್ಪು ಹಾದಿ. ನೀನು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡರೆ ಗಾಯದಲ್ಲಿ ಕಪ್ಪು ಕಾಳು ಸಿಕ್ಕಿಕೊಳ್ಳುತ್ತಿತ್ತು, ನಾನು ಸೂಜಿ ಹಿಡಿದು ಕೂರುತ್ತಿದ್ದೆ. ಕಾರ್ಖಾನೆಯವರು ಕುಲುಮೆಯ ಬೂದಿಯನ್ನು ಕೆಲಸಗಾರರಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಕಾಲ. ಯಾರ ಮನೆಯಲ್ಲಿ ಕಪ್ಪು ಹಾದಿಯೋ ಅವನು ಕಾಯಂ ನೌಕರ ಎಂದು ಅರ್ಥ. ನಿನ್ನಪ್ಪ ಕೆಲಸ ಮುಗಿಸಿ ಬಂದು ಒಂದು ಚಳಿಗಾಲವಿಡೀ ಕೈಗಾಡಿಯಲ್ಲಿ ತಂದು ಸುರಿದರು. ಹಾದಿಗಾಗಿ ಮಿಕ್ಕಿದ್ದನ್ನು ಕೆಸರು ಒಣಗಲಿ ಎಂದು ಪಾತಿಗಳ ನಡುವೆಯೂ ಹರಡಿದರು. ಅದರಲ್ಲಿ ಒಂದು ಕಳೆಯೂ ಹುಟ್ಟುವುದಿಲ್ಲ ಎಂದು ಬೀದಿಯವರಿಗೆಲ್ಲ ಸಂತೋಷವೋ ಸಂತೋಷ. ಯಾಕೆ ಹುಟ್ಟುವುದಿಲ್ಲ ಎಂದು ನಾವು ಯಾರೂ ಕೇಳಲಿಲ್ಲ ಹಿಲ್ಡೆ. ನನಗೆ ಈಗ ಅದೊಂದೇ ಯೋಚನೆ.

ಮಣ್ಣಿನ ತುಂಬ ಕ್ಯಾಡ್ಮಿಯಂ ಅಂತೆ. ಸತುವಿನ ಜೊತೆಗೇ ಬರುವ ವಿಷ, ಬೇರಿನ ಮೂಲಕ ಸೊಪ್ಪಿಗೆ, ಗೆಡ್ಡೆಗೆ ಏರುತ್ತದಂತೆ. ತಿಂದವರ ಮೂತ್ರಪಿಂಡದಲ್ಲಿ ಹೊಕ್ಕು ಕೂತರೆ ಹೊರಗೆ ಹೋಗುವುದಿಲ್ಲ, ಮೂಳೆ ಟೊಳ್ಳಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಕೇಳಿದ್ದೆ, ವಿಷ ಎನ್ನುವುದನ್ನು ಈಗಲೇ ಕೇಳಿದ್ದು. ಆ ಹುಡುಗಿ ಒಳ್ಳೆಯವಳು, ಪರೀಕ್ಷೆಯ ಫಲಿತಾಂಶ ತಂದಾಗ ಮೆತ್ತಗೆ ಹೇಳಿದಳು: "ತಿನ್ನೋದೇನೂ ಬೆಳೀಬೇಡಿ ಸರ್. ಹೂವು ಬೇಕಾದ್ರೆ ಹಾಕಿ. ಸೇವಂತಿಗೆ ಚೆನ್ನಾಗಿ ಬರತ್ತೆ." ನಿನ್ನಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, "ಈ ಊರಲ್ಲಿ ಸೇವಂತಿಗೆ ಇಡೋದು ಗೋರಿ ಮೇಲೆ ಕಣಮ್ಮ. ಸತ್ತೋರಿಗೆ ಬೆಳೀತಾ ಕೂರ್ಲಾ ನಾನು?" ಎಂದರು. ಅವಳು, "ಹಾಗಾದ್ರೆ ಗುಲಾಬಿ ಹಾಕಿ" ಎಂದು ನಕ್ಕಳು. ನಿನ್ನಪ್ಪ ನಗಲಿಲ್ಲ.

ಪಕ್ಕದ ಮನೆಯ ಸ್ಟಾನ್ ಮಾರನೆಯ ದಿನವೇ ತನ್ನ ಪಾತಿಗಳನ್ನೆಲ್ಲ ಕಿತ್ತು ಹಾಕಿದ. ಕುಲುಮೆಯ ಮುಂದೆ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತವರು, ಈಗ ಬೇಲಿಯ ಮೇಲೆ ಜಗಳ. "ಅಂಗಡಿ ತರಕಾರಿ ತಿಂದು ತಿಂದು ನಿನ್ ಮುಖ ಬಿಳಚ್ಕೊಂಡಿದೆ ಸ್ಟಾನ್" ಎಂದು ಇವರು. "ನೀನ್ ನೆಟ್ಟಗಿದೀಯಾ ಕಣೋ ಫೋನ್ಸ್, ನಿನ್ ಹೆಂಡ್ತಿ ಕೈ ನೋಡು" ಎಂದು ಅವನು. ಅಂದಿನಿಂದ ಮಾತಿಲ್ಲ. ಇವರು ಈ ವರ್ಷದ ಕ್ಯಾರೆಟ್ಟು, ಪಾಲಕ್ಕು, ಆಲೂಗಡ್ಡೆ ಒಂದನ್ನೂ ಬಿಡದೆ ಕಿತ್ತು ನೆಲಮಾಳಿಗೆಯಲ್ಲಿ ತುಂಬಿಸಿದರು. ಇಷ್ಟು ದಪ್ಪ, ಇಷ್ಟು ಸಿಹಿ ಕ್ಯಾರೆಟ್ಟು ಎಂದೂ ಬಂದಿರಲಿಲ್ಲ, ಅದು ಸುಳ್ಳಲ್ಲ. ಮುಂದಿನ ವಾರ ಸರ್ಕಾರದವರು ಯಂತ್ರ ತಂದು ಹಿತ್ತಲನ್ನೇ ಅಗೆದು ಒಯ್ಯುತ್ತಾರೆ, ಹಾದಿಯೂ ಹೋಗುತ್ತದೆ. ಹೊಗೆಗೂಡು ಮಾತ್ರ ಉಳಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ನಿನ್ನಪ್ಪ ತಟ್ಟೆ ನೋಡುತ್ತ, "ಮೂರು ಮಕ್ಕಳಿಗೂ ಇದ್ನೇ ಅಲ್ವೇನೇ ತಿನ್ಸಿ ಬೆಳೆಸಿದ್ದು?" ಎಂದರು. ಆ ಮಾತನ್ನು ಅವರು ಮತ್ತೆ ಎತ್ತಿಲ್ಲ.

ಕಳೆದ ವಾರ ಬೆಳಿಗ್ಗೆ ಅಡುಗೆಮನೆಗೆ ನನ್ನನ್ನೇ ಬಿಟ್ಟುಕೊಳ್ಳಲಿಲ್ಲ. ಏಪ್ರನ್ ಕಟ್ಟಿಕೊಂಡು, ಕ್ಯಾರೆಟ್ ಸುಲಿದು, ಬೇಯಿಸಿ, ನುಣ್ಣಗೆ ಕಿವುಚಿ, ಸಣ್ಣ ಸಣ್ಣ ಗಾಜಿನ ಶೀಶೆಗಳಿಗೆ ತುಂಬಿಸಿ ಮುಚ್ಚಳ ಬಿಗಿದರು. ಎಲ್ಲ ನೂರಿಯಾಳಿಗಂತೆ. ಮೊಮ್ಮಗಳ ಮೊದಲ ತುತ್ತು ತಾತನ ಹಿತ್ತಲದ್ದೇ ಆಗಬೇಕಂತೆ. ಮೊನ್ನೆ ಸಕಲ ಸಂತರ ಹಬ್ಬದ ದಿನ ನಾನು ಸ್ಮಶಾನಕ್ಕೆ ಹೂವು ಇಡಲು ಹೋಗಿದ್ದಾಗ ನಿನ್ನ ಚಿಕ್ಕಪ್ಪನ ಮಗ ಡಿರ್ಕ್ ಬಂದು ಪೆಟ್ಟಿಗೆಯನ್ನು ತನ್ನ ಲಾರಿಗೆ ಹೇರಿಕೊಂಡು ಹೋಗಿದ್ದಾನೆ. ಬರುವ ಸೋಮವಾರ ಸ್ಪೇನಿಗೆ ಹೊರಡುತ್ತಾನೆ, ನಿನ್ನ ಬಾಗಿಲಿಗೇ ತಂದು ಕೊಡುತ್ತಾನೆ. ಈಗ ನಿನ್ನಪ್ಪ ಹೇಳುತ್ತಿದ್ದಾರೆ, ಹೇಳಿದಂತೆಯೇ ಬರೆಯುತ್ತೇನೆ: "ಶೀಶೇನ ಬಿಸಿನೀರಲ್ಲಿ ಇಟ್ಟು ಕಾಯ್ಸು ಅನ್ನು, ಒಲೆ ಮೇಲೆ ನೇರ ಇಡ್ಬೇಡ ಅನ್ನು. ಚೂರು ಬೆಣ್ಣೆ ಹಾಕ್ಲಿ. ಬೇಡ ಅಂತ ಮುಖ ತಿರುಗಿಸಿದ್ರೆ ಬಿಡ್ಬೇಡ, ಇನ್ನೊಂದ್ಸಲ ಕೊಡು ಅನ್ನು. ನೀನೂ ಮೊದ್ಲು ಉಗುಳ್ತಿದ್ದೆ ಅನ್ನು."

ಅಳಿಯನಿಗೆ ನಮ್ಮ ನೆನಪು ಹೇಳು. ಮಗುವಿನ ಹಣೆಗೆ ಹೆಬ್ಬೆರಳಿನಲ್ಲಿ ಶಿಲುಬೆ ಗುರುತು ಹಾಕಿ ಮಲಗಿಸು, ನಾನು ನಿನಗೆ ಹಾಕುತ್ತಿದ್ದಂತೆ. ದೇವರು ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅಮ್ಮ,
ಗೊಡೆಲೀವ್

ಹಿಲ್ಡೆ, ಶೀಶೆ ತೆರೆದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಇಡಬೇಡ. ಮಗುವಿಗೆ ಕೆಟ್ಟದ್ದು ಕೊಡಬಾರದು. – ಅಪ್ಪ

ಮರೆತ ಮಾತು: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಆ ಶೀಶೆಗಳಲ್ಲಿರುವುದನ್ನು ಮಗುವಿಗೆ ಕೊಡಬೇಡ. ಒಂದು ಚಮಚವೂ ಬೇಡ, ನೀನೂ ಮುಟ್ಟಬೇಡ. ಫೋನು ನಿನ್ನಪ್ಪನ ಕುರ್ಚಿಯ ಪಕ್ಕದಲ್ಲೇ ಇದೆ, ಡಿರ್ಕ್‌ಗೆ ಹೇಳಿದರೆ ಒಂದು ಬಿಯರ್ ಒಳಗೆ ಹೋಗುತ್ತಲೇ ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೇ ತುರ್ತು ಅಂಚೆ. ಎಲ್ಲ ಸುರಿದು ಬಿಡು, ಆದರೆ ಮಣ್ಣಿಗೆ ಸುರಿಯಬೇಡ. ಅಪ್ಪನಿಗೆ ಬೇರೆ ಕಾಗದ ಬರೆ, ಮಗು ಮೊದಲು ಉಗುಳಿತು, ಆಮೇಲೆ ಬಾಯಿ ಚಪ್ಪರಿಸಿತು ಎಂದು. ಹಾಗೆ ಬರೆದರೆ ನಂಬುತ್ತಾರೆ. ನನ್ನ ಬಗ್ಗೆ ಏನೂ ಕೇಳಬೇಡ. ಡಾಕ್ಟರ ಉತ್ತರ ಬಂದಿದೆ, ನನ್ನ ಕೈಯ ಬಗ್ಗೆ ಸ್ಟಾನ್ ಹೇಳಿದ್ದೇ ನಿಜ, ನಿನ್ನಪ್ಪನಿಗೆ ಹೇಳಿಲ್ಲ. ನೆಲಮಾಳಿಗೆಯಲ್ಲಿ ತರಕಾರಿ ಇರುವಷ್ಟು ದಿನ ನಾನು ಅವರ ಜೊತೆ ಕೂತು ತಿನ್ನುತ್ತೇನೆ, ಆ ತಟ್ಟೆಯ ಮುಂದೆ ಅವರೊಬ್ಬರನ್ನೇ ಕೂರಿಸಲಾರೆ. ಖಾಲಿ ಶೀಶೆಗಳನ್ನು ಚೆನ್ನಾಗಿ ತೊಳೆದು ಡಿರ್ಕ್ ಕೈಯಲ್ಲೇ ವಾಪಸ್ ಕಳಿಸು, ಅವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಮತ್ತೆ ತುಂಬಿಸಿ ಕಳಿಸುತ್ತಾರೆಂದು ಹೆದರಬೇಡ. ಅವು ಬರುವಷ್ಟರಲ್ಲಿ ಹಿತ್ತಲು ಇರುವುದಿಲ್ಲ.